ರಜೆಯ ದಿನಗಳ ಹಸಿವು

ಏಪ್ರಿಲ್ ತಿಂಗಳ ಎರಡನೆಯ ವಾರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮಕ್ಕಳ ಗದ್ದಲಕ್ಕೆ ಮೇರೆಯಿಲ್ಲ. ಪಾಟೀಚೀಲ ಗೂಟಕ್ಕೇರುತ್ತದೆ, ಸೋದರಮಾವನ ಊರಿಗೆ ಹೊರಡುವ ಸಿದ್ಧತೆ ನಡೆಯುತ್ತದೆ, ಪೇಟೆಗೆ ಆಪೂಸು ಹಣ್ಣು ಇಳಿಯತೊಡಗುತ್ತದೆ. ರಜೆ ಎಂಬ ಎರಡಕ್ಷರದಲ್ಲಿ ಅದೆಷ್ಟು ಸವಿ! ಆದರೆ ಇದೇ ಅವಳಿ ನಗರದ ಬೇರೆ ಕೆಲವು ಓಣಿಗಳಲ್ಲಿ ಆ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಶಾಲೆಯ ಬಾಗಿಲು ಮುಚ್ಚಿದ ದಿನವೇ ಶಾಲೆಯ ಬಿಸಿಯೂಟವೂ ನಿಲ್ಲುತ್ತದೆ. ತಾಯಿತಂದೆಗಳಿಬ್ಬರೂ ಕೂಲಿಗೆ ಹೋಗುವ ಮನೆಯ ಮಗುವಿಗೆ ನಡುಹಗಲಿನ ಅನ್ನ ಎಲ್ಲಿಂದ ಬರಬೇಕು?

ಪದವಿ ತರಗತಿಗಳಲ್ಲಿ ಈಚೆಗೆ 'ಇಂಟರ್ನ್‌ಶಿಪ್' ಎಂಬ ಮಾತು ಬಳಕೆಗೆ ಬಂದಿದೆ. ಬೇಸಿಗೆಯಲ್ಲಿ ಕೆಲವು ವಾರ ಎಲ್ಲಾದರೂ ದುಡಿದು ಅನುಭವ ಪಡೆಯಬೇಕೆಂಬುದು ಅದರ ತಾತ್ಪರ್ಯ. ಬ್ಯಾಂಕು, ಕಾರಖಾನೆ, ಕಂಪ್ಯೂಟರ್ ಕಚೇರಿಗಳತ್ತ ವಿದ್ಯಾರ್ಥಿಗಳ ಕಣ್ಣು ಹರಿಯುವುದು ಸಹಜ. ಪರದೇಶಗಳಲ್ಲಿ ಎಷ್ಟೋ ತರುಣ ತರುಣಿಯರು ಇದೇ ಅವಧಿಯನ್ನು ಚರ್ಚುಗಳು ನಡೆಸುವ ಹಸಿವು ಪರಿಹಾರದ ಅಡಿಗೆಮನೆಗಳಲ್ಲಿ ಕಳೆಯುತ್ತಾರೆ. ಅಂಥದೊಂದು ಕೆಲಸಕ್ಕೆ ನಮ್ಮ ಊರಿನಷ್ಟು ಹದವಾದ ನೆಲ ಬೇರೊಂದಿರಲಾರದು.

ಬರ ಕಲಿಸಿದ ಪಾಠ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಅವರ ಕೇಂದ್ರಗಳು ತೆರೆದುವು. ಶಾಲೆ, ಮುದ್ರಣ, ನಿಘಂಟುಗಳಿಗಾಗಿ ಕನ್ನಡಿಗರು ಅವರನ್ನು ನೆನೆಯುವುದುಂಟು. ಆದರೆ ಅವರಿಗೆ ಒದಗಿದ ಅತ್ಯಂತ ಕಠಿಣ ಪರೀಕ್ಷೆ 1876ರಿಂದ 1878ರವರೆಗಿನ ಮಹಾಕ್ಷಾಮ. ಮಳೆ ಕೈಕೊಟ್ಟಿತು, ಜೋಳದ ಬೆಲೆ ಬಡವರ ಕೈಗೆಟುಕದಂತೆ ಏರಿತು. 1872ರ ಮತ್ತು 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಬೆಳೆಯುವುದರ ಬದಲು ಒಂದು ಲಕ್ಷದಷ್ಟು ಕುಗ್ಗಿತ್ತೆಂದರೆ ಆ ಬರದ ಉಗ್ರತೆ ತಿಳಿದೀತು. ಆಗ ಮಿಷನ್ನಿನವರು ತಬ್ಬಲಿ ಮಕ್ಕಳನ್ನು ತಂದು ಸಾಕಿದರು.

ಸರಕಾರದ ನೆರವೂ ಇತ್ತು; ಆದರೆ ಅದು ಪರೀಕ್ಷೆಯ ನೆರವು. ಕಲ್ಲು ಒಡೆದವನಿಗೆ, ಮಣ್ಣು ಹೊತ್ತವನಿಗೆ ಮಾತ್ರ ಕೂಲಿ. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಆ ಕೂಲಿಯನ್ನೂ ಇಳಿಸಿ, ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ, ಧಾನ್ಯದ ಲೆಕ್ಕಕ್ಕೆ ತಂದನು. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಕೂಲಿಗಳು ಕೆಲಸ ಬಿಟ್ಟು ಹೊರನಡೆದರು. ಹಸಿದವರು ಸಹ ಅನ್ನವನ್ನು ನಿರಾಕರಿಸಬಲ್ಲರೆಂಬುದನ್ನು ಅಧಿಕಾರಿಗಳು ಅಂದು ಕಂಡರು. ಮುಂದೆ 1880ರ ಕ್ಷಾಮ ಆಯೋಗವು ರೈಲುದಾರಿಗಳನ್ನು ಹಾಕಬೇಕೆಂದಿತು. 1884ರಲ್ಲಿ ಹೊಟಗಿಯಿಂದ ಗದಗಿಗೆ ಬಂದ ದಕ್ಷಿಣ ಮರಾಠಾ ರೈಲ್ವೆ ಅಂಥ ಬರಗಾಲದ ದಾರಿಯೇ. ಹುಬ್ಬಳ್ಳಿ ರೈಲಿನ ಊರಾಗಿ ಬೆಳೆದುದರ ಹಿಂದೆ ಹಸಿವಿನ ಕಥೆಯಿದೆಯೆಂಬುದನ್ನು ನಾವು ಮರೆತಿದ್ದೇವೆ.

ಸರಕಾರ ದುಡಿಮೆಯ ಪರೀಕ್ಷೆ ಒಡ್ಡಿದರೆ, ಮಿಷನ್ನಿನ ಅನ್ನದ ಮೇಲೂ ಒಂದು ಸಂದೇಹದ ನೆರಳಿತ್ತು: ಇದು ಕರುಣೆಯೋ, ಮತಕ್ಕೆ ಕರೆಯೋ? ಆ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಸಾಯುವ ಮಗುವನ್ನು ಎತ್ತಿಕೊಂಡ ಕೈಯನ್ನು ಹಳಿಯುವ ಮೊದಲು, ಆ ಮಗುವಿಗಾಗಿ ಬೇರೆ ಎಷ್ಟು ಕೈಗಳು ಚಾಚಿದ್ದುವೆಂದು ಕೇಳಿಕೊಳ್ಳುವುದು ನ್ಯಾಯ.

ಕೇಳದೆ ಬಡಿಸುವುದು

ಪರೀಕ್ಷೆಯಿಲ್ಲದ ಅನ್ನದ ದಾರಿಯೂ ಈ ನೆಲದಲ್ಲಿ ಇತ್ತು. ಹನ್ನೆರಡನೆಯ ಶತಮಾನದ ಶರಣರು ಅದನ್ನು ದಾಸೋಹವೆಂದರು. ಕೊಡುವವನು ದೊಡ್ಡವನೆಂಬ ಗರ್ವ ಅಳಿದು, ಬಡಿಸುವವನೇ ದಾಸನಾಗುವ ಭಾವವದು. ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಊಟಕ್ಕೆ ಬಂದವನ ಜಾತಿ ಕುಲ ಕೇಳುವವರಿಲ್ಲ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಪ್ರಸಾದನಿಲಯದಲ್ಲಿ ಉಂಡು ಓದಿದ ಬಡ ಹುಡುಗರು ನಾಡಿನಲ್ಲೆಲ್ಲ ಹೆಸರು ಗಳಿಸಿದರು. ಅಂದು ಅವರಿಗೆ ಬಡಿಸಿದ ಎರಡು ರೊಟ್ಟಿಯ ಬೆಲೆಯನ್ನು ಯಾವ ಲೆಕ್ಕಿಗನು ಕಟ್ಟಬಲ್ಲನು?

ಸ್ವತಂತ್ರ ಭಾರತದಲ್ಲಿ ಅನ್ನವು ದಾನದ ಅಂಗಳದಿಂದ ಹಕ್ಕಿನ ಅಂಗಳಕ್ಕೆ ಬಂದಿತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞಾಪಿಸಿತು. ಕರ್ನಾಟಕ 2002ರಲ್ಲಿ ಏಳು ಜಿಲ್ಲೆಗಳಲ್ಲಿ ಇದನ್ನು ಆರಂಭಿಸಿ ಮರುವರ್ಷ ಉಳಿದೆಡೆಗೂ ಹಬ್ಬಿಸಿತು. ಯೋಜನೆಗೆ ಇಟ್ಟ ಹೆಸರು 'ಅಕ್ಷರ ದಾಸೋಹ'. ಹುಬ್ಬಳ್ಳಿಯ ರಾಯಾಪುರದಲ್ಲಿ ಅಕ್ಷಯಪಾತ್ರೆಯವರ ಅಡಿಗೆಮನೆಯನ್ನು ನೋಡಿದವರು ಬೆರಗಾಗುತ್ತಾರೆ. ಧಾನ್ಯ ಮೇಲಂತಸ್ತಿಗೇರಿ, ತನ್ನ ಭಾರದಿಂದಲೇ ಕೆಳಗಿಳಿದು ಹಂಡೆಗಳನ್ನು ಸೇರುತ್ತದೆ. ಬೆಳಗಾಗುವಷ್ಟರಲ್ಲಿ ಬೆಂದ ಅನ್ನ ಸಾರುಗಳು ಶಾಲೆಗಳ ದಾರಿ ಹಿಡಿಯುತ್ತವೆ.

ಇಷ್ಟಿದ್ದೂ ಬೇಸಿಗೆ ಒಂದು ಬಿರುಕು. ಬರಪೀಡಿತ ಪ್ರದೇಶಗಳಲ್ಲಿ ರಜೆಯಲ್ಲೂ ಊಟ ಕೊಡಬೇಕೆಂದು 2004ರ ಏಪ್ರಿಲಿನಲ್ಲಿ ನ್ಯಾಯಾಲಯ ಹೇಳಿತು. ಅದರಂತೆ 2024ರ ಬೇಸಿಗೆಯಲ್ಲಿ ನಮ್ಮ ರಾಜ್ಯದ ಬರಪೀಡಿತ ತಾಲೂಕುಗಳ ಮಕ್ಕಳಿಗೆ ರಜೆಯ ಊಟ ದೊರೆಯಿತು. ಆದರೆ ಮಳೆ ಸರಿಯಾಗಿ ಬಂದ ವರ್ಷ ಬಡವರ ಮಕ್ಕಳಿಗೆ ಹಸಿವೆ ಆಗುವುದಿಲ್ಲವೇ?

ತರುಣರಿಗೆ ಒಂದು ತರಗತಿ

ಒಬ್ಬರ ರಜೆ ಇನ್ನೊಬ್ಬರ ಹಸಿವಿನ ಕಾಲವಾಗುವ ಈ ಎರಡು ತಿಂಗಳು ಕಾಲೇಜಿನ ಮಕ್ಕಳಿಗೆ ಒಂದು ತರಗತಿಯಾಗಬೇಕು. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿದ್ದೂ ಇದೇ ಆಶಯದಿಂದ. ಚರ್ಚಿನ ಅಡಿಗೆಮನೆಯಾಗಲಿ, ಮಠದ ದಾಸೋಹವಾಗಲಿ, ಓಣಿಯವರೇ ಕೂಡಿ ಹೂಡಿದ ಒಲೆಯಾಗಲಿ, ಅಲ್ಲಿ ಕಲಿಯಬೇಕಾದುದು ಬಹಳವಿದೆ. ನೂರು ಜನಕ್ಕೆ ಎಷ್ಟು ಅಕ್ಕಿ ಎಂಬುದು ಗಣಿತ. ಬೇಸಿಗೆಯ ಧಗೆಯಲ್ಲಿ ಸಾರು ಹಳಸದಂತೆ ಕಾಯುವುದು ವಿಜ್ಞಾನ. ಎರಡನೆಯ ಸಲ ಕೇಳಲು ಸಂಕೋಚಪಡುವ ಮುದುಕಿಯ ಮುಖವನ್ನು ಓದುವುದು ಯಾವ ಶಾಸ್ತ್ರವೋ, ಅದಕ್ಕೆ ಪಠ್ಯಪುಸ್ತಕವಿಲ್ಲ.

ಎರಡೇ ನಿಯಮ ಸಾಕು. ಉಣ್ಣುವವರ ಚಿತ್ರ ತೆಗೆದು ಊರಿಗೆಲ್ಲ ತೋರಿಸಬಾರದು. ಬಡಿಸಿದವರು ಕೊನೆಗೆ ಅದೇ ಪಂಕ್ತಿಯಲ್ಲಿ ಕುಳಿತು, ಅದೇ ಅನ್ನವನ್ನು ಉಣ್ಣಬೇಕು. ಮೊದಲನೆಯದು ಬಡವನ ಮಾನವನ್ನು ಕಾಯುತ್ತದೆ. ಎರಡನೆಯದು ಅನ್ನದ ರುಚಿಯನ್ನು ಕಾಯುತ್ತದೆ. ಏಕೆಂದರೆ ತಾನು ಉಣ್ಣಲಿರುವ ಅಡಿಗೆಗೆ ಉಪ್ಪು ಹಾಕಲು ಯಾರೂ ಮರೆಯುವುದಿಲ್ಲ.