ಇಂಜೆಕ್ಷನ್‌ಗೆ ಮೊದಲು

ಗುಂಡ್ಲುಪೇಟೆ ಮನೆಯಿಂದಲೇ ಕೆಲಸ, ಮಧ್ಯರಾತ್ರಿ ಮೀಟಿಂಗು, ತೂಕ 94 ಕೆಜಿ. ಸದಾ ಸುಸ್ತು, ಹೆಂಡತಿ ಹತ್ತಿರವೂ ಆಸಕ್ತಿಯಿಲ್ಲ. ಒಂದು ಸಂಜೆ ರಕ್ತ ಕೊಟ್ಟೆ, ಟೆಸ್ಟೋಸ್ಟೆರಾನ್ ಕಡಿಮೆ ಬಂತು. ಜಿಮ್ ಗೆಳೆಯ "ಇಂಜೆಕ್ಷನ್ ಹಾಕ್ಸ್ಕೊ ಮಗಾ" ಅಂದ.

ಚಾಮರಾಜನಗರದ ಡಾಕ್ಟರ್ ಮೊದಲು ಕೇಳಿದ್ದು, "ಮಗು ಬೇಕೇನಪ್ಪ?" ಹೊರಗಿಂದ ಟೆಸ್ಟೋಸ್ಟೆರಾನ್ ಬಂದ್ರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಸಂದೇಶ ಕಳಿಸೋದನ್ನೇ ಬಿಡುತ್ತೆ, ವೀರ್ಯಾಣು ಕುಸಿಯುತ್ತೆ. ಮಗು ಬೇಕಾದವರಿಗೆ ಎಚ್‌ಸಿಜಿಯಂಥ ಬೇರೆ ಚಿಕಿತ್ಸೆ ಇದೆ.

ಸಂಜೆಯ ರಿಪೋರ್ಟು ಲೆಕ್ಕಕ್ಕಿಲ್ಲವಂತೆ. ಈ ಹಾರ್ಮೋನು ಏರಿರೋದು ಬೆಳಗ್ಗೆ. ಖಾಲಿ ಹೊಟ್ಟೇಲಿ ಎರಡು ದಿನ ಮೊದಲ ಬಸ್ಸು ಹಿಡಿದೆ. ಜೊತೆಗೆ ಎಲ್‌ಎಚ್ ಪರೀಕ್ಷೆ: ಅದು ಹೆಚ್ಚಿದ್ರೆ ದೋಷ ವೃಷಣದ್ದು, ಇಲ್ಲದಿದ್ರೆ ಮೇಲಿನದು. ಚಿಕ್ಕಂದಿನ ಮಂಗನಬಾವಿನ ಮೇಲೆ ನನಗೆ ಅನುಮಾನ ಇತ್ತು. ಸಿಕ್ಕಿದ್ದು ಬೊಜ್ಜು, ನಿದ್ದೆಗೇಡು.

ಈಗ 86 ಕೆಜಿ. ಮುಂದಿನ ತಿಂಗಳು ಮತ್ತೆ ಮೊದಲ ಬಸ್ಸು.