ಫೈಲಿನ ಹೆಸರಿಗೆ ಇಸವಿಯೇ ಮುಂದಿರಲಿ

ಮನೆಯ ಕಂಪ್ಯೂಟರಿನ ‘ಡೌನ್‌ಲೋಡ್ಸ್’ ಫೋಲ್ಡರನ್ನು ಒಮ್ಮೆ ತೆರೆದು ನೋಡಿ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕರೆಂಟ್ ಬಿಲ್ಲು, ಮಗಳ ಪ್ರಾಜೆಕ್ಟು, ಮದುವೆಯ ಫೋಟೊ ಎಲ್ಲವೂ ಕಲಸುಮೇಲೋಗರ. ಕಾಲೇಜಿಗೆ ಅರ್ಜಿ ಹಾಕುವ ಕೊನೆಯ ದಿನ ಇದರೊಳಗೆ ತಡಕಾಡುವವರ ಪಾಡು ಹೇಳತೀರದು.

ಇವನ್ನೆಲ್ಲ ವರ್ಷ, ತಿಂಗಳುವಾರು ಫೋಲ್ಡರುಗಳಿಗೆ ಸೇರಿಸುವ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಬಹುದು. ಆದರೆ ಹೆಸರಿಡುವ ಕೆಲಸ ನಮ್ಮದು. ಹೆಸರಿನ ಪ್ರಕಾರ ಜೋಡಿಸು ಎಂದರೆ ಕಂಪ್ಯೂಟರ್ ಎಡದಿಂದ ಹೋಲಿಸುತ್ತ ಹೋಗುತ್ತದೆ. ಹೀಗಾಗಿ 05-12-2021 ಎಂಬುದು 15-08-2019ಕ್ಕಿಂತ ಮೊದಲು ಬಂದು ಕೂರುತ್ತದೆ! ಅದನ್ನೇ 2021-12-05, 2019-08-15 ಎಂದು ಬರೆದರೆ ಅಂಕೆಗಳ ಕ್ರಮವೇ ಕಾಲದ ಕ್ರಮವಾಗುತ್ತದೆ. 1988ರಲ್ಲಿ ಹೊರಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುವುದೂ ಇದನ್ನೇ. ತರಗತಿಯಲ್ಲಿ ನಾವು ದಿನ, ತಿಂಗಳು, ವರ್ಷ ಎಂದೇ ಬರೆಸುತ್ತೇವೆ. ಕಪ್ಪುಹಲಗೆಗೆ ಅದು ಸರಿ. ಫೈಲಿಗೆ ಇಸವಿ ಮುಂದಿರಬೇಕು, ಆಗಸ್ಟ್ ತಿಂಗಳು 8 ಅಲ್ಲ, 08 ಆಗಬೇಕು.

‘ಫೈಲಿಗೆ ಕಂಪ್ಯೂಟರೇ ದಿನಾಂಕ ಹಾಕಿರುತ್ತದಲ್ಲ?’ ಎಂದು ಚುರುಕಿನ ಹುಡುಗನೊಬ್ಬ ಕೇಳಬಹುದು. ಅದು ಸಾಮಾನ್ಯವಾಗಿ ಫೈಲನ್ನು ಕೊನೆಯ ಬಾರಿ ತಿದ್ದಿದ ದಿನಾಂಕ. 2018ರ ಅಂಕಪಟ್ಟಿಯ ಚಿತ್ರವನ್ನು 2024ರಲ್ಲಿ ತೆರೆದು, ನೆಟ್ಟಗೆ ತಿರುಗಿಸಿ ಉಳಿಸಿದಿರೋ, ಅದು 2024ರದ್ದಾಗುತ್ತದೆ. ಆದ್ದರಿಂದ ಪತ್ರದ ಮೇಲಿರುವ ದಿನಾಂಕವನ್ನೇ ಹೆಸರಿಗೆ ಸೇರಿಸಿ.

ಆಮೇಲಿನದು ಪೈಥಾನ್ ಭಾಷೆಯಲ್ಲಿ ಹತ್ತು ಹದಿನೈದು ಸಾಲಿನ ಕೆಲಸ. ಪಿಯುಸಿ ವಿದ್ಯಾರ್ಥಿ ತಾನೇ ಬರೆಯಬಲ್ಲ. ಹೆಸರಿನ ಮೊದಲ ನಾಲ್ಕು ಅಂಕೆ ವರ್ಷ. ಆರನೆಯ, ಏಳನೆಯ ಸ್ಥಾನಗಳು ತಿಂಗಳು. ಆ ಹೆಸರಿನ ಫೋಲ್ಡರ್ ಇಲ್ಲದಿದ್ದರೆ ಸೃಷ್ಟಿಸಿ, ಫೈಲನ್ನು ಅಲ್ಲಿಗೆ ಸಾಗಿಸಬೇಕು. ದಿನಾಂಕದಿಂದ ಶುರುವಾಗದ ಹೆಸರನ್ನು ಮುಟ್ಟಕೂಡದು. ವಿಂಡೋಸ್‌ನ ‘ಟಾಸ್ಕ್ ಶೆಡ್ಯೂಲರ್’ಗೆ ಅಥವಾ ಲಿನಕ್ಸ್‌ನ ‘ಕ್ರಾನ್’ಗೆ ಒಮ್ಮೆ ಹೇಳಿಟ್ಟರೆ ಪ್ರತಿ ಭಾನುವಾರ ಈ ಕೆಲಸ ತಾನೇ ನಡೆಯುತ್ತದೆ.

ಎಚ್ಚರ ಬೇಕಾದದ್ದು ಇಲ್ಲೇ. ಅದೇ ಹೆಸರಿನ ಫೈಲು ಅಲ್ಲಿ ಮೊದಲೇ ಇದ್ದರೆ? ಲಿನಕ್ಸ್‌ನಲ್ಲಿ ಪೈಥಾನಿನ ‘ರಿನೇಮ್’ ಆಜ್ಞೆ ಹಳೆಯದನ್ನು ಅಳಿಸಿ, ಸದ್ದಿಲ್ಲದೆ ಹೊಸದನ್ನು ಕೂರಿಸಿಬಿಡುತ್ತದೆ. ಆದ್ದರಿಂದ ಸಾಗಿಸುವ ಮುನ್ನ ‘ಅಲ್ಲಿ ಇದೆಯೇ?’ ಎಂದು ಪರೀಕ್ಷಿಸುವ ಸಾಲು ಇರಲೇಬೇಕು. ಮೊದಲ ಸಲ ಏನನ್ನೂ ಸಾಗಿಸದೆ, ಯಾವುದು ಎಲ್ಲಿಗೆ ಹೋಗಲಿದೆ ಎಂಬ ಪಟ್ಟಿಯನ್ನಷ್ಟೇ ಪರದೆಯ ಮೇಲೆ ಮೂಡಿಸಿ. ಅಪ್ಪ, ಅಮ್ಮನ ಜೊತೆ ಕುಳಿತು ಆ ಪಟ್ಟಿಯನ್ನು ಓದಿ. ಅಂದಹಾಗೆ, ಫೋಲ್ಡರಿಗೆ ಸೇರಿಸಿದ ಮಾತ್ರಕ್ಕೆ ಇನ್ನೊಂದು ಪ್ರತಿ ಹುಟ್ಟುವುದಿಲ್ಲ; ಅದನ್ನು ಬೇರೆ ಡಿಸ್ಕಿಗೆ ಮೊದಲೇ ನಕಲು ಮಾಡಿಟ್ಟುಕೊಳ್ಳಿ.