ಬಿಸಿಲೂರಲ್ಲೂ ಅರಳೀತು ಸ್ಲಿಪ್ಪರ್ ಆರ್ಕಿಡ್!

ಆರ್ಕಿಡ್ ಅಂದ ಕೂಡಲೇ ‘ಅದೆಲ್ಲ ಮಲೆನಾಡಿನವರಿಗೆ, ಬೆಂಗಳೂರಿನವರಿಗೆ ಸರಿ. ನಮ್ಮ ಹರಪನಹಳ್ಳಿ ಬಿಸಿಲಲ್ಲಿ ಬದುಕುತ್ತಾ?’ ಅಂತ ಮೂಗು ಮುರಿಯುವವರೇ ಹೆಚ್ಚು. ಅದರಲ್ಲೂ ಸ್ಲಿಪ್ಪರ್ ಆರ್ಕಿಡ್ ಅಂದರೆ ಇನ್ನೂ ಹಿಂಜರಿಕೆ. ದುಡ್ಡು ಕೊಟ್ಟು ತಂದ ಗಿಡ ಎರಡೇ ತಿಂಗಳಲ್ಲಿ ಒಣಗಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಸ್ವಲ್ಪ ಗಮನಿಸಿ ನೋಡಿ. ನಮ್ಮ ಕಡೆ ಈ ಗಿಡ ಸಾಯುವುದು ಬರೀ ಬಿಸಿಲಿನಿಂದಲ್ಲ. ನಾವು ಹಾಕುವ ಬೋರ್ ನೀರಿನಿಂದ, ಅತಿಯಾದ ಅಕ್ಕರೆಯಿಂದ. ಇವೆರಡನ್ನು ಸರಿಪಡಿಸಿಕೊಂಡರೆ, ಹೂ ಬಿಡಲು ಬೇಕಾದ ಒಂದು ಮುಖ್ಯ ವಸ್ತು ನಮ್ಮೂರಲ್ಲಿ ಪುಕ್ಕಟೆಯಾಗಿಯೇ ಸಿಗುತ್ತದೆ. ಅದೇನು ಅಂತೀರಾ? ಮುಂದೆ ಓದಿ.

ಏನಿದು ಚಪ್ಪಲಿ ಹೂವು?

ಈ ಹೂವಿನ ಕೆಳಗಿನ ಎಸಳು ಪುಟ್ಟ ಪಾದುಕೆಯ ಮುಂಭಾಗದಂತೆ ಉಬ್ಬಿಕೊಂಡು ಚೀಲದ ಹಾಗಿರುತ್ತದೆ. ಆದ್ದರಿಂದಲೇ ಸ್ಲಿಪ್ಪರ್ ಎಂಬ ಹೆಸರು. ಇದು ಬರೀ ಚೆಂದಕ್ಕಲ್ಲ. ಹೂವಿನ ಮೇಲೆ ಕೂರಲು ಬಂದ ನೊಣ ಜಾರಿ ಚೀಲದೊಳಗೆ ಬೀಳುತ್ತದೆ. ಬಂದ ದಾರಿಯಲ್ಲಿ ಹತ್ತಲಾಗದೆ ಹಿಂಬದಿಯ ಸಣ್ಣ ಸಂದಿಯಿಂದ ನುಸುಳಬೇಕು. ಹಾಗೆ ನುಸುಳುವಾಗ ಪರಾಗ ಅದರ ಬೆನ್ನಿಗೆ ಅಂಟುತ್ತದೆ. ಜಾಣತನ ಅಂದರೆ ಇದು!

ಮನೆಗಳಲ್ಲಿ ಬೆಳೆಸುವ ಏಷ್ಯಾದ ಸ್ಲಿಪ್ಪರ್ ಆರ್ಕಿಡ್‌ಗಳಿಗೆ ಪ್ಯಾಫಿಯೊಪೆಡಿಲಮ್ ಎಂದು ಹೆಸರು. ನಮ್ಮ ದೇಶದಲ್ಲಿ ಇವುಗಳ ತವರು ಈಶಾನ್ಯದ ಬೆಟ್ಟಗಳು. ದಕ್ಷಿಣ ಭಾರತದಲ್ಲಿ ಇರುವುದು ಒಂದೇ ಒಂದು ಜಾತಿ. ಕೇರಳ–ತಮಿಳುನಾಡು ಗಡಿಯ ಅಗಸ್ತ್ಯಮಲೆಯಲ್ಲಿ 1865ರಲ್ಲಿ ಕರ್ನಲ್ ಡ್ರೂರಿ ಎಂಬ ಅಧಿಕಾರಿ ಕಂಡ ಹಳದಿ ಹೂವಿನ ಗಿಡ ಅದು. ಅವರ ಹೆಸರೇ ಅದಕ್ಕೂ ಬಂತು. ಅದರ ಚೆಲುವೇ ಅದಕ್ಕೆ ಶತ್ರುವಾಯಿತು. ಸಂಗ್ರಹಕಾರರು ಕಿತ್ತು ಕಿತ್ತು ಇಂದು ಅದು ಅಳಿವಿನ ತೀರಾ ಅಂಚಿನಲ್ಲಿದೆ.

ಮೊದಲು ಕಾಗದ, ಆಮೇಲೆ ಕುಂಡ

ಹೀಗಾಗಿ ಗಿಡ ಕೊಳ್ಳುವ ಮುಂಚೆ ಒಂದು ವಿಷಯ ತಿಳಿದಿರಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ತಂದಾಗ ರಕ್ಷಿತ ಗಿಡಗಳ ಒಂದು ಚಿಕ್ಕ ಪಟ್ಟಿ ಸೇರಿತು. ಆ ಪಟ್ಟಿಯಲ್ಲಿ ಸ್ಲಿಪ್ಪರ್ ಆರ್ಕಿಡ್ ಇದೆ. ಇದನ್ನು ಕಾಡಿನಿಂದ ಕೀಳುವಂತಿಲ್ಲ. ಬೆಳೆಸುವುದಕ್ಕೂ ಮಾರುವುದಕ್ಕೂ ಅರಣ್ಯ ಇಲಾಖೆಯ ಪರವಾನಗಿ ಬೇಕು. ಕೊಳ್ಳುವವರೂ ಪರವಾನಗಿ ಇರುವ ಮಾರಾಟಗಾರರಿಂದಲೇ ಕೊಳ್ಳಬೇಕು. ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದಲ್ಲೂ ಇದು ಅತಿ ಬಿಗಿಯಾದ ಮೊದಲ ಅನುಬಂಧದಲ್ಲಿದೆ.

‘ಒಂದು ಕುಂಡಕ್ಕೆ ಇಷ್ಟೆಲ್ಲಾ ಯಾಕೆ?’ ಅನ್ನಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಮಣ್ಣಿನಲ್ಲಿ ತಕ್ಕ ಶಿಲೀಂಧ್ರ ಜೊತೆಯಾದರೆ ಮಾತ್ರ ಮೊಳೆಯುತ್ತದೆ. ಕಾಡಿನಲ್ಲಿ ಕಿತ್ತ ಗಿಡದ ಜಾಗಕ್ಕೆ ಇನ್ನೊಂದು ಬರಲು ವರ್ಷಗಳೇ ಬೇಕು. ಆದ್ದರಿಂದ ನಿಮ್ಮ ಊರಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ನಿಯಮ ಕೇಳಿಕೊಳ್ಳಿ. ನರ್ಸರಿಯಲ್ಲೇ ಬೀಜದಿಂದ ಬೆಳೆಸಿದ ಗಿಡ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಬೇರಿಗೆ ಕಾಡಿನ ಪಾಚಿ ಅಂಟಿರುವ, ಎಲೆ ಹರಿದಿರುವ, ಅಗ್ಗದ ಗಿಡವನ್ನು ಯಾರಾದರೂ ಕೊಡಲು ಬಂದರೆ ಬೇಡ ಎಂದುಬಿಡಿ.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಜನವರಿ ಮತ್ತು ಆಗಸ್ಟ್‌ನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಆರ್ಕಿಡ್ ಮಾರುವವರನ್ನು ವಿಚಾರಿಸಬಹುದು. ಬೆಂಗಳೂರಿನಲ್ಲಿ ಆರ್ಕಿಡ್ ಸೊಸೈಟಿ ಆಫ್ ಕರ್ನಾಟಕ ಎಂಬ ಹವ್ಯಾಸಿಗಳ ಸಂಘವೂ ಇದೆ.

ಯಾವ ಗಿಡ ನಮಗೆ?

ಎಲೆ ನೋಡಿ ಆರಿಸಿ. ಉದ್ದನೆಯ, ಅಚ್ಚ ಹಸಿರು ಎಲೆಯ ಬಗೆಗಳಿಗೆ ಹೂ ಬಿಡಲು ರಾತ್ರಿ 10ರಿಂದ 13 ಡಿಗ್ರಿಯ ಚಳಿ ಬೇಕು. ಅದು ನಮ್ಮಲ್ಲಿ ಆಗದ ಮಾತು. ಎಲೆಯ ಮೇಲೆ ತಿಳಿ ಹಸಿರು–ಗಾಢ ಹಸಿರಿನ ಚಿತ್ತಾರ ಇರುವ ಬಗೆಗಳು ಸೆಕೆಯನ್ನು ಹೆಚ್ಚು ತಡೆಯುತ್ತವೆ. ಹಗಲು 24ರಿಂದ 30 ಡಿಗ್ರಿ ಇದ್ದರೆ ಇವಕ್ಕೆ ಹಿತ. ಇವುಗಳಲ್ಲಿ ‘ಮಾಡಿಯೆ’ ಎಂಬ ಮಿಶ್ರತಳಿಗಳು ಹೊಸಬರಿಗೆ ಅತ್ಯಂತ ಸುಲಭ. ಹೂವಿಲ್ಲದಾಗಲೂ ಎಲೆಯೇ ಚೆಂದ.

ಪುಟ್ಟ ಸಸಿ ತಂದರೆ ಹೂವಿಗೆ ಮೂರ್ನಾಲ್ಕು ವರ್ಷ ಕಾಯಬೇಕಾದೀತು. ಆದ್ದರಿಂದ ಒಮ್ಮೆಯಾದರೂ ಹೂ ಬಿಟ್ಟಿರುವ, ಪಕ್ಕದಲ್ಲಿ ಮರಿ ಬಂದಿರುವ ಗಿಡವನ್ನೇ ಕೇಳಿ. ಬೇರೆ ಆರ್ಕಿಡ್‌ಗಳಂತೆ ಇವನ್ನು ಅಂಗಾಂಶ ಕೃಷಿಯಲ್ಲಿ ಸಾವಿರಗಟ್ಟಲೆ ಮಾಡುವುದು ಸುಲಭವಲ್ಲ. ಬೆಲೆ ಹೆಚ್ಚಿರುವುದು ಅದಕ್ಕೇ.

ಮಲ್ಲಿಗೆ ಬುದ್ಧಿ ಇಲ್ಲಿ ನಡೆಯಲ್ಲ

ಪಕ್ಕದ ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೂವಿನ ಗಿಡ ಬೆಳೆಸುವುದನ್ನು ಹೊಸದಾಗಿ ಕಲಿಸಬೇಕಿಲ್ಲ. ಆದರೆ ಆ ಅನುಭವವೇ ಇಲ್ಲಿ ಅಡ್ಡ ಬರುತ್ತದೆ! ಮಲ್ಲಿಗೆಗೆ ಬಿಸಿಲು ಬೇಕು, ಇದಕ್ಕೆ ನೆರಳು ಬೇಕು. ಮಲ್ಲಿಗೆಗೆ ಮಣ್ಣು, ಕೊಟ್ಟಿಗೆ ಗೊಬ್ಬರ ಬೇಕು, ಇದಕ್ಕೆ ಎರಡೂ ಬೇಡ. ಮಲ್ಲಿಗೆಯನ್ನು ಕತ್ತರಿಸಿದಷ್ಟೂ ಚಿಗುರುತ್ತದೆ, ಇದರ ಹಸಿರು ಎಲೆಗೆ ಕತ್ತರಿ ಹಾಕುವಂತಿಲ್ಲ. ಮಲ್ಲಿಗೆಯನ್ನು ಮೊಗ್ಗಿನಲ್ಲೇ ಬಿಡಿಸಿ ಅಂದೇ ಮುಡಿಯುತ್ತೇವೆ. ಇದನ್ನು ಗಿಡದಲ್ಲೇ ಬಿಟ್ಟರೆ ಆರರಿಂದ ಎಂಟು ವಾರ ನಗುತ್ತಾ ನಿಂತಿರುತ್ತದೆ.

ನೀರೇ ಜೀವ, ನೀರೇ ವಿಷ

ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಉಪ್ಪು ಗಿಡದ ಬೇರಿನ ಮೇಲೂ ಕೂರುತ್ತದೆ. ಈ ಭಾಗದ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟವೂ ಇದೆ. ಮೊದಲು ಎಲೆಯ ತುದಿ ಕಂದಾಗುತ್ತದೆ. ನೀರು ಸಾಲದೇನೋ ಅಂತ ನಾವು ಇನ್ನಷ್ಟು ಸುರಿಯುತ್ತೇವೆ. ಬೇರು ಕೊಳೆಯುತ್ತದೆ. ಅಲ್ಲಿಗೆ ಮುಗಿಯಿತು. ಕುದಿಸಿ ಆರಿಸಿದರೂ ಉಪ್ಪು ಪೂರ್ತಿ ಹೋಗುವುದಿಲ್ಲ.

ಹಾಗಾದರೆ ಏನು ಮಾಡೋದು? ಮಳೆನೀರು ಹಿಡಿದಿಡಿ. ಲೆಕ್ಕ ನೋಡಿ: ಒಂದು ಗಿಡಕ್ಕೆ ವಾರಕ್ಕೆ ಸುಮಾರು ಒಂದು ಲೀಟರ್ ಸಾಕು. ಮಳೆಗಾಲ ಮುಗಿದ ಅಕ್ಟೋಬರ್ ಕೊನೆಯಿಂದ ಜೂನ್‌ವರೆಗೆ, ಬೇಸಿಗೆಯ ಹೆಚ್ಚುವರಿ ಸೇರಿಸಿದರೂ 20 ಲೀಟರಿನ ಎರಡು ಕ್ಯಾನ್ ಸಾಕಾಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಚಾವಣಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 90 ಲೀಟರ್ ನೀರು! ಮೊದಲ ಮಳೆಯ ಧೂಳು ಹೋಗಲು ಬಿಟ್ಟು ಆಮೇಲೆ ಹಿಡಿಯಿರಿ. ಬಟ್ಟೆಯಲ್ಲಿ ಸೋಸಿ, ಮುಚ್ಚಳ ಬಿಗಿಯಾಗಿ ಹಾಕಿ. ಇಲ್ಲಾಂದ್ರೆ ಡೆಂಗಿ ಸೊಳ್ಳೆ ಸಾಕಿದಂತಾದೀತು.

ಮಳೆನೀರು ಮುಗಿಯಿತೇ? ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕದ ನೀರು ಆಗುತ್ತದೆ. ತುಂಗಭದ್ರಾ ಹೊಳೆ ನೀರು ನಲ್ಲಿಯಲ್ಲಿ ಬರುವ ಮನೆಯವರು ಅದನ್ನೇ ಒಂದು ರಾತ್ರಿ ಅಗಲ ಬಾಯಿಯ ಪಾತ್ರೆಯಲ್ಲಿಟ್ಟು ಬಳಸಬಹುದು. ಫಿಲ್ಟರ್ ಹೊರಹಾಕುವ ವೇಸ್ಟ್ ನೀರನ್ನು ಮಾತ್ರ ಹಾಕಲೇಬೇಡಿ. ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ನೀರು ಹಾಕುವುದು ಬೆಳಿಗ್ಗೆಯೇ. ಕುಂಡದೊಳಗೆ ಬೆರಳಿಟ್ಟು ನೋಡಿ, ತೇವ ಆರುತ್ತಾ ಬಂದಿದ್ದರೆ ತಳದಿಂದ ಹರಿದುಹೋಗುವಷ್ಟು ಹಾಕಿ. ಬೇರೆ ಅನೇಕ ಆರ್ಕಿಡ್‌ಗಳಿಗಿರುವ ನೀರು ಕೂಡಿಡುವ ದಪ್ಪ ಕಾಂಡ ಇದಕ್ಕಿಲ್ಲ. ಹಾಗಾಗಿ ಪೂರ್ತಿ ಒಣಗಲೂ ಬಾರದು, ಸದಾ ತೊಪ್ಪೆಯಾಗಿಯೂ ಇರಬಾರದು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ. ನಿಂತರೆ ಹತ್ತಿಯಿಂದ ಒರೆಸಿ ತೆಗೆಯಿರಿ.

ಕುಂಡ ತುಂಬುವ ಕ್ರಮ

ಉಗುರಿನಷ್ಟು ದೊಡ್ಡ ತೆಂಗಿನ ಸಿಪ್ಪೆಯ ತುಂಡು ಎರಡು ಪಾಲು, ಇದ್ದಿಲು ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು. ತೆಂಗಿನ ಸಿಪ್ಪೆಯಲ್ಲೂ ಉಪ್ಪಿರುತ್ತದೆ. ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ಕೊನೆಗೆ ಮಳೆನೀರಲ್ಲಿ ಜಾಲಾಡಿಸಿ. ನಮ್ಮ ಒಣ ಗಾಳಿಗೆ ತೂತಿರುವ ಚಿಕ್ಕ ಪ್ಲಾಸ್ಟಿಕ್ ಕುಂಡವೇ ಮೇಲು. ಬೇರು ಹಿಡಿಯುವಷ್ಟೇ ದೊಡ್ಡದಿರಲಿ. ಸಿಪ್ಪೆ ಕೊಳೆತು ಪುಡಿಯಾಗುವುದರಿಂದ ಒಂದು–ಒಂದೂವರೆ ವರ್ಷಕ್ಕೊಮ್ಮೆ ಬದಲಿಸಿ.

ಗೊಬ್ಬರದ ಅಂಗಡಿಯಲ್ಲಿ ಸಿಗುವ, ನೀರಲ್ಲಿ ಕರಗುವ 19:19:19 ಸಾಕು. ಆದರೆ ಹೊಲದ ಲೆಕ್ಕ ಬೇಡ. ಲೀಟರಿಗೆ ಅರ್ಧ ಗ್ರಾಂ, ಅಂದರೆ ಒಂದು ಚಿಟಿಕೆ, ಹದಿನೈದು ದಿನಕ್ಕೊಮ್ಮೆ. ತಿಂಗಳಿಗೊಮ್ಮೆ ಬರೀ ನೀರು ಧಾರಾಳವಾಗಿ ಹಾಕಿ ಉಳಿದ ಉಪ್ಪು ತೊಳೆಯಿರಿ. ಸಗಣಿ, ಟೀ ಚರಟ, ಅಕ್ಕಿ ತೊಳೆದ ನೀರು ಯಾವುದೂ ಬೇಡ.

ಬೇಸಿಗೆ ದಾಟಿಸುವುದು

ಕೊಟ್ಟೂರು ತೇರು ಮುಗಿಯುತ್ತಿದ್ದಂತೆ ಬಿಸಿಲಿನ ಆಟ ಶುರು. ಏಪ್ರಿಲ್–ಮೇನಲ್ಲಿ 40 ಡಿಗ್ರಿ ಮುಟ್ಟುವಾಗ ಗಿಡ ಮನೆಯ ಉತ್ತರ ಇಲ್ಲವೇ ಪೂರ್ವದ ವರಾಂಡದಲ್ಲಿರಲಿ. ತಾರಸಿ, ತಗಡಿನ ಶೀಟಿನ ಕೆಳಗೆ ಬೇಡವೇ ಬೇಡ. ಆಮೇಲೆ ನಮ್ಮ ಹಿರಿಯರ ಮಣ್ಣಿನ ಗಡಿಗೆಯ ಉಪಾಯ ಮಾಡಿ. ತಳದಲ್ಲಿ ತೂತಿರುವ ದೊಡ್ಡ ಮಣ್ಣಿನ ಕುಂಡದಲ್ಲಿ ಎರಡು ಇಟ್ಟಿಗೆ ತುಂಡಿಟ್ಟು, ಅದರ ಮೇಲೆ ಗಿಡದ ಪ್ಲಾಸ್ಟಿಕ್ ಕುಂಡ ಇಡಿ. ನಡುವಿನ ಸಂದಿಗೆ ದಪ್ಪ ಮರಳು ತುಂಬಿ ದಿನಾ ತೇವ ಮಾಡಿ. ಗಡಿಗೆಯ ನೀರು ತಣ್ಣಗಾಗುವಂತೆಯೇ ಬೇರೂ ತಣ್ಣಗಿರುತ್ತದೆ. ಮರಳು ತೋಯಿಸಲು ಬೋರ್ ನೀರು ನಡೆಯುತ್ತದೆ, ಒಳಗಿನ ಕುಂಡಕ್ಕೆ ಸಿಡಿಯದಂತೆ ನೋಡಿಕೊಳ್ಳಿ ಅಷ್ಟೆ. ಪಕ್ಕದಲ್ಲಿ ಒದ್ದೆ ಗೋಣಿಚೀಲ ತೂಗುಹಾಕಿದರೆ ಒಣ ಗಾಳಿಯ ಬಿಸಿ ಇನ್ನಷ್ಟು ತಗ್ಗುತ್ತದೆ. ಈ ತಿಂಗಳುಗಳಲ್ಲಿ ಗೊಬ್ಬರ ನಿಲ್ಲಿಸಿ. ಗಿಡ ಬದುಕಿಕೊಂಡರೆ ಸಾಕು.

ಹೂ ಬಿಡಿಸುವ ಗುಟ್ಟು

ಒಂದು ಬುಡದ ಎಲೆಗುಚ್ಛ ಜೀವಮಾನದಲ್ಲಿ ಹೂ ಬಿಡುವುದು ಒಂದೇ ಸಲ. ಮುಂದಿನ ಹೂವು ಬರುವುದು ಪಕ್ಕದ ಮರಿಯಿಂದ. ‘ಹೂ ಆಯಿತಲ್ಲ’ ಅಂತ ಹಳೆಯ ಗುಚ್ಛ ಕಿತ್ತೆಸೆಯಬೇಡಿ. ಮರಿಗೆ ಉಣಿಸುವ ತಾಯಿ ಅದು. ತಾನಾಗಿ ಒಣಗಿದ ಮೇಲೆ ತೆಗೆಯಿರಿ. ಪ್ರತಿ ವರ್ಷ ಬುಡ ಬಿಡಿಸಿ ಅಕ್ಕಪಕ್ಕದವರಿಗೆ ಹಂಚುವುದೂ ಬೇಡ. ಮೂರ್ನಾಲ್ಕು ಗುಚ್ಛ ಒಟ್ಟಿಗಿದ್ದರೆ ಹೂವೂ ಹೆಚ್ಚು.

ಮರಿ ತಾಯಿಯಷ್ಟೇ ದೊಡ್ಡದಾದ ಮೇಲೆ ಅದಕ್ಕೆ ಎರಡು ಸೂಚನೆ ಬೇಕು. ಒಂದು ಬೆಳಕು. ಎಲೆ ಕಪ್ಪು ಹಸಿರಾಗಿದ್ದರೆ ಬೆಳಕು ಸಾಲದು, ಹಳದಿಗೆ ತಿರುಗಿದರೆ ಹೆಚ್ಚಾಯಿತು. ಬೆಳಿಗ್ಗೆ ಎಂಟರೊಳಗಿನ ಎಳೆ ಬಿಸಿಲು, ಉಳಿದ ಹೊತ್ತು ತಿಳಿ ನೆರಳು ಸಾಕು. ಎರಡನೆಯದು ರಾತ್ರಿಯ ತಂಪು. ಮೊದಲಿಗೇ ಹೇಳಿದ ಪುಕ್ಕಟೆ ವಸ್ತು ಇದೇ! ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಮ್ಮ ಬಯಲುಸೀಮೆಯಲ್ಲಿ ಹಗಲು ಬೆಚ್ಚಗಿದ್ದರೂ ರಾತ್ರಿ ಚಳಿ ಚಳಿ. ಹಗಲು–ರಾತ್ರಿಯ ಆ ವ್ಯತ್ಯಾಸವೇ ಗಿಡಕ್ಕೆ ‘ಇನ್ನು ಹೂ ಬಿಡು’ ಎಂಬ ಕರೆ. ಆಗ ಗಿಡವನ್ನು ಪಾಪ ಅಂತ ಒಳಕೋಣೆಗೆ ತರಬೇಡಿ. ವರಾಂಡದಲ್ಲೇ ಇರಲಿ, ನೀರು ಸ್ವಲ್ಪ ಕಡಿಮೆ ಮಾಡಿ.

ಸುಳಿಯ ನಡುವೆ ಪುಟ್ಟ ಹಸಿರು ಕವಚ ಕಂಡಿತೇ? ಅದೇ ಮೊಗ್ಗಿನ ತೊಟ್ಟಿಲು. ಅರಳಲು ಎರಡು–ಮೂರು ತಿಂಗಳು ಬೇಕು, ಅವಸರ ಬೇಡ. ಕುಂಡವನ್ನು ತಿರುಗಿಸುತ್ತಾ ಇರಬೇಡಿ, ದಂಟು ಸೊಟ್ಟಗಾಗುತ್ತದೆ. ಉದ್ದವಾದಾಗ ತೆಳು ಕಡ್ಡಿಯ ಆಸರೆ ಕೊಡಿ.

ಕಾಯಿಲೆ ಬಂದರೆ

ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ. ಕೊಳೆತ ಎಲೆಯನ್ನು ಬೆಂಕಿಗೆ ಹಿಡಿದ ಬ್ಲೇಡಿನಿಂದ ಕತ್ತರಿಸಿ, ಗಾಯಕ್ಕೆ ಅಡುಗೆಮನೆಯ ದಾಲ್ಚಿನ್ನಿ ಪುಡಿ ಹಚ್ಚಿ. ಬೇರಿಗೆ ಮಾತ್ರ ತಾಗಿಸಬೇಡಿ, ಅದು ಒಣಗಿಸಿಬಿಡುತ್ತದೆ.

ನೆನಪಿಡಿ

* ಪರವಾನಗಿ ಇರುವವರಿಂದಲೇ ಕೊಳ್ಳಿ. ಕಾಡಿನ ಗಿಡ ಬೇಡ.
* ಚಿತ್ತಾರದ ಎಲೆಯ ಬಗೆಯನ್ನೇ ಆರಿಸಿ.
* ಬೇರಿಗೆ ಬೋರ್ ನೀರು ಬೇಡ. ಎರಡು ಕ್ಯಾನ್ ಮಳೆನೀರು ವರ್ಷ ದಾಟಿಸುತ್ತದೆ.
* ಸುಳಿಯಲ್ಲಿ ನೀರು ನಿಲ್ಲದಿರಲಿ.
* ಚಳಿಗಾಲದ ರಾತ್ರಿ ಗಿಡ ಹೊರಗಿರಲಿ.

ಮೊದಲ ವರ್ಷ ಹೂ ಬರದಿದ್ದರೆ ಬೇಸರಿಸಬೇಡಿ. ಮರಿ ಬಂದಿದ್ದರೆ ಗಿಡ ಒಗ್ಗಿಕೊಂಡಿದೆ ಎಂದೇ ಅರ್ಥ. ಈ ಸಲದ ಮುಂಗಾರಿಗೆ ಎರಡು ಕ್ಯಾನ್ ತೊಳೆದು ಸಿದ್ಧವಿಟ್ಟುಕೊಳ್ಳಿ. ಉಳಿದದ್ದನ್ನು ಚಳಿಗಾಲ ನೋಡಿಕೊಳ್ಳುತ್ತದೆ.